ಅಪ್‌ಡೇಟ್: ಮಂಡಿ ಮೊಹಲ್ಲಾದ ಶೆಡ್ ಗಿಟ್ತು

ಕರಕುಶಲದವರು ಮೂರು ಜನ ಸೇರಿ ಕೆಲಸಕ್ಕೆ ಶೆಡ್ ಬಾಡಿಗೆ ಹಿಡಿದರೆ ಗಿಟ್ಟುತ್ತಾ ಅಂತ ಹೋದ ವರ್ಷ ಇಲ್ಲಿ ಕೇಳಿದ್ದೆ; ಧೂಳಿಗೆ ನಡುವೆ ಗೋಡೆ ಹಾಕಿಸಿ ಅಂದಿದ್ದಿರಿ. ಹಿಡಿದೆವು, ಮೈಸೂರಿನ ಮಂಡಿ ಮೊಹಲ್ಲಾದಲ್ಲೇ. ಈಗ 11 ಜನ. ಬೀಟೆ ಇನ್‌ಲೇಯವರೇ (ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡೋರು) ಜಾಸ್ತಿ, ಇಬ್ಬರು ಮೈಸೂರು ಶೈಲಿ ಚಿತ್ರದವರು, ಒಬ್ಬಳು ಗಂಜೀಫಾ ಎಲೆ, ಅಂದ್ರೆ ಹಳೇ ಕಾಲದ ಇಸ್ಪೀಟಿನಂಥ ಎಲೆ, ಕೈಯಲ್ಲಿ ಬರೆಯೋಳು.

ಮೊದಲ ಜಗಳ ಧೂಳಿಂದೇ. ಮರದ ಪುಡಿ ಹಾರಿ, ಗೆಸ್ಸೋ (ಚಿನ್ನದ ಕೆಳಗೆ ಉಬ್ಬಾಗಿ ಹಚ್ಚೋ ಲೇಪ) ಇನ್ನೂ ಹಸಿಯಿದ್ದ ಚಿತ್ರದ ಸರಸ್ವತಿ ವೀಣೆ ಮೇಲೆ ಕೂತುಬಿಟ್ಟಿತು. ಚಿನ್ನದ ರೇಕು ಅಂಟಲೇ ಇಲ್ಲ. ನೀವು ಹೇಳಿದಂತೆ ನಡುವೆ ಪ್ಲೈವುಡ್ ಗೋಡೆ ಹಾಕಿಸಿದೆವು. (ಆಗಲೇ ನಿಮ್ಮ ಮಾತು ಕೇಳಬೇಕಿತ್ತು, ಬಿಡಿ.)

ಲಾಭ ಕಂಡಿದ್ದು ಮರದಲ್ಲಿ: ಒಟ್ಟಿಗೆ ಕೊಂಡರೆ ಚೂರುಪಾರೂ ದಂಡವಾಗಲ್ಲ. ಇನ್‌ಲೇಗೆ ಆನೆದಂತ ಬಳಸುತ್ತಿದ್ದ ಕಾಲ ಕಂಡ ಹಿರಿಯ ಮೇಸ್ತ್ರಿಯೊಬ್ಬರು ಹಲಸು, ಹೊನ್ನೆ ಚೂರಲ್ಲೇ ಚಿತ್ರದ ಆನೆಗೆ ಅಂಬಾರಿ ಕೂರಿಸುತ್ತಾರೆ. ಹುಡುಗರು ಕೆಲಸ ಬಿಟ್ಟು ನೋಡ್ತಾರೆ. ದಸರಾ ಆರ್ಡರ್ ಆಗಲೇ ಶುರುವಾಗಿದೆ.