ಅಪ್‌ಡೇಟ್: ನಿದ್ದೆಗೆ ಲ್ಯಾವೆಂಡರ್ ಎಣ್ಣೆ, ಮನೆಯಲ್ಲಿ ಬೆಕ್ಕು

ರಾತ್ರಿ ನಿದ್ದೆ ಬರ್ತಿಲ್ಲ, ಲ್ಯಾವೆಂಡರ್ ಎಣ್ಣೆ ಹೇಗೆ ಬಳಸಬೇಕು, ಮನೆಯಲ್ಲಿ ಬೆಕ್ಕು ಬೇರೆ ಇದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಈಗ ಮಲಗುವ ಮುಂಚೆ ಅರ್ಧ ಗಂಟೆ ಮಾತ್ರ ಡಿಫ್ಯೂಸರ್ (ನೀರಿಗೆ ಹಾಕಿದ ಎಣ್ಣೆಯನ್ನು ಸಣ್ಣ ಹನಿಗಳಾಗಿ ಗಾಳಿಗೆ ಬಿಡುವ ಸಾಧನ) ಹಾಕುತ್ತೇನೆ. ನೀರಿಗೆ ಮೂರ್ನಾಲ್ಕು ಹನಿ ಸಾಕು. ನಿದ್ದೆ ಮೊದಲಿಗಿಂತ ಬೇಗ ಹತ್ತುತ್ತಿದೆ. ಆ ಹೊತ್ತಿಗೆ ಫೋನ್ ಪಕ್ಕಕ್ಕಿಡುವುದೂ ಕಾರಣ ಇರಬಹುದು, ಎಲ್ಲಾ ಎಣ್ಣೆಯದೇ ಮಹಿಮೆ ಅನ್ನಲಾರೆ.

ಕೈಕಾಲಿಗೆ ಹಚ್ಚಲು 30 ಮಿ.ಲೀ. ಬಾದಾಮಿ ಎಣ್ಣೆಗೆ 12 ಹನಿ ಸೇರಿಸಿದೆ. ಅಂದರೆ ಸುಮಾರು ಶೇ. 2. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದೆ. ತುರಿಕೆ ಇಲ್ಲ, ಕೆಂಪಾಗಲಿಲ್ಲ. ಹಚ್ಚಿದ ಕೂಡಲೇ ಸ್ವಲ್ಪ ಘಾಟು, ಆಮೇಲೆ ನಿಧಾನಕ್ಕೆ ಸಿಹಿ ಹೂವಿನ ಪರಿಮಳ. ನನಗೆ ಇಷ್ಟವಾಗಿದ್ದು ಈ ಎರಡನೇ ವಾಸನೆ.

ಬೆಕ್ಕಿನ ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಈ ಎಣ್ಣೆಗಳ ಕೆಲವು ಅಂಶಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಗಾಳಿಯ ಸಣ್ಣ ಹನಿಗಳು ಮೈಮೇಲೆ ಕೂತರೆ ಅದು ನೆಕ್ಕಿಯೇ ನೆಕ್ಕುತ್ತದೆ, ಅಲ್ವಾ? ಹಾಗಾಗಿ ಡಿಫ್ಯೂಸರ್ ಇರುವ ಕೋಣೆಗೆ ಅದನ್ನು ಬಿಡುವುದಿಲ್ಲ. ಆಮೇಲೆ ಕಿಟಕಿ ತೆಗೆದಿಡುತ್ತೇನೆ. ಟೀ ಟ್ರೀ ಎಣ್ಣೆಯಂತೂ ಬೆಕ್ಕಿಗೆ ವಿಷ. ಅದನ್ನು ಮನೆಯಿಂದಲೇ ತೆಗೆದೆ.

ಬಾಟಲಿಯನ್ನು ಬೆಳಕು ಬೀಳದ ತಂಪು ಕಪಾಟಿನಲ್ಲಿ, ಮುಚ್ಚಳ ಬಿಗಿಮಾಡಿ ಇಟ್ಟಿದ್ದೇನೆ. ಗಾಳಿ ತಾಗಿ ಹಳತಾದ ಲ್ಯಾವೆಂಡರ್ ಚರ್ಮಕ್ಕೆ ಅಲರ್ಜಿ ತರುವುದು ಜಾಸ್ತಿ. ತೆರೆದ ತಾರೀಕನ್ನು ಲೇಬಲ್ ಮೇಲೆ ಬರೆದಿದ್ದೇನೆ.