ಶಾಲೆ ಫಾರ್ಮಲ್ಲಿ ಧರ್ಮದ ಕಾಲಂ ಖಾಲಿ ಬಿಟ್ರೆ ಮುಂದೆ ಎಂತಾದ್ರೂ ತೊಂದ್ರೆ ಉಂಟಾ?

ಮೂಲ್ಕಿ_ಮಗಳು:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈ ಜೂನ್‌ಗೆ ಒಂದನೇ ಕ್ಲಾಸ್. ಮಂಗಳೂರಲ್ಲೇ ಒಂದು ಪ್ರೈವೇಟ್ ಶಾಲೆ, ಹೆಸರು ಬೇಡ. ಫಾರ್ಮಲ್ಲಿ ಧರ್ಮ, ಜಾತಿ, ಉಪಜಾತಿ ಅಂತ ಮೂರು ಕಾಲಂ ಉಂಟು, ಮೂರಕ್ಕೂ ಗೆರೆ ಎಳೆದು ಕೊಟ್ವಿ. ಆಫೀಸ್ ಮೇಡಂ ವಾಪಸ್ ಕೊಟ್ಟು "ಇದನ್ನು ಕಂಪ್ಯೂಟರ್ ತೆಗೊಳ್ಳುದಿಲ್ಲ, ಎಂತಾದ್ರೂ ಒಂದು ಬರೀರಿ, ಅಪ್ಪನದ್ದೇ ಬರೀರಿ" ಅಂದ್ರು. ಜಗಳ ಗಿಗಳ ಎಂತ ಆಗಿಲ್ಲ, ಪಾಪ ನಮ್ಮ ಹಿಂದೆ ಉದ್ದ ಕ್ಯೂ ಇತ್ತು.

ವಿಷಯ ಎಂತ ಅಂದ್ರೆ ನಾನು ಬಿಲ್ಲವರ ಮನೆಯವಳು, ಗಂಡ ಕಿನ್ನಿಗೋಳಿ ಕಡೆಯ ಕ್ಯಾಥೊಲಿಕ್, ಅಂದ್ರೆ ಹುಟ್ಟಿದ್ದು ಹಾಗೆ, ಈಗ ಅವರಿಗೆ ದೇವರು ಗೀವರು ಎಂತದ್ದೂ ಇಲ್ಲ, ಇಗರ್ಜಿಗೆ ಕಾಲಿಡುದು ಯಾರದ್ದಾದ್ರೂ ಮದುವೆ ಇಲ್ಲ ಸಾವು ಆದ್ರೆ ಮಾತ್ರ. ನಮ್ಮದು ಸ್ಪೆಷಲ್ ಮ್ಯಾರೇಜ್ ಆಕ್ಟ್ ಮದುವೆ. ನಾನು ಪೂರ್ತಿ ನಾಸ್ತಿಕಳು ಅಂತ ಬೋರ್ಡ್ ಹಾಕಿಕೊಳ್ಳುದಿಲ್ಲ, ಕುಟುಂಬದ ಮನೆಯಲ್ಲಿ ದೈವದ ನೇಮ (ಭೂತಕೋಲ) ಆದ್ರೆ ಹೋಗ್ತೇನೆ, ಅಲ್ಲಿ ನಿಂತ್ರೆ ಕೈ ತನ್ನಷ್ಟಕ್ಕೇ ಮುಗೀತದೆ. ಆದ್ರೆ ಆರು ವರ್ಷದ ಮಗು ಎಂತ ಅಂತ ನಾವು ಈಗಲೇ ಬರೆದುಕೊಡ್ಬೇಕಾ ಅನ್ನುದು ಪ್ರಶ್ನೆ.

ಅಮ್ಮ ಹೇಳುದು, ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ) ಪ್ರಕಾರ ಮಗು ತಾಯಿಯ ಬಳಿಗೆ, ಅಂದ್ರೆ ತಾಯಿಯ ವಂಶಕ್ಕೆ ಸೇರಿದ್ದು, ಫಾರ್ಮಲ್ಲಿ ಹಿಂದೂ ಬಿಲ್ಲವ ಅಂತ ಬರಿ, 2ಎ ಮೀಸಲಾತಿ ಸಿಗ್ತದೆ. ಮಾವ ಬಾಯಿ ಬಿಟ್ಟು ಎಂತ ಹೇಳಿಲ್ಲ, ಆದ್ರೆ ಕ್ರಿಶ್ಚಿಯನ್ ಅಂತ ಇದ್ರೆ ನಾಳೆ ಮೈನಾರಿಟಿ ಕಾಲೇಜಲ್ಲಿ ಸೀಟಿಗೆ ಸುಲಭ ಅಂತ ಅತ್ತಿಗೆಯ ಹತ್ರ ಹೇಳಿ ಕಳ್ಸಿದ್ದಾರೆ. ಎರಡೂ ಕಡೆಯವರು ದೇವರ ಹೆಸರು ಎತ್ತಿಲ್ಲ, ಸೀಟಿನ ಮಾತೇ.

ಇಲ್ಲಿ ಯಾರಾದ್ರೂ ಖಾಲಿ ಬಿಟ್ಟವರು ಉಂಟಾ? ಮುಂದೆ ಆಸ್ತಿ, ಸರ್ಟಿಫಿಕೇಟ್ ಅಂತ ಬಂದಾಗ ಸಿಕ್ಕಿಹಾಕ್ಕೊಳ್ತೇವಾ? ಮತ್ತೆ ಶಾಲೆಯ ಪ್ರೇಯರ್ ಕತೆ ಎಂತ?

ಗೋಳಿಬಜೆ:
ಆಧಾರ್‌ಗೆ ಧರ್ಮ ಬೇಡ, ಪಾಸ್‌ಪೋರ್ಟ್‌ಗೆ ಬೇಡ, ದುಬಾಯಿಗೆ ಹೋಗ್ಲಿಕ್ಕೂ ಆಗ್ತದೆ. ಎ ಬಿ ಸಿ ಡಿ ಕಲೀಲಿಕ್ಕೆ ಮಾತ್ರ ಬೇಕು ಮಾರಾಯ್ರೆ 😀

ವಕೀಲೆ_ಉಡುಪಿ:
ಒಂದೊಂದಾಗಿ ಹೇಳ್ತೇನೆ, ಸ್ವಲ್ಪ ಉದ್ದ ಆಗ್ಬಹುದು.

ಸಂವಿಧಾನದ 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ, ಧರ್ಮದ ಆಚರಣೆ ಪ್ರಚಾರ ಎಲ್ಲ ಆಮೇಲೆ ಬರುವುದು. ಬಾಂಬೆ ಹೈಕೋರ್ಟ್ 2014ರಲ್ಲಿ ಇದನ್ನೇ ಹಿಡ್ಕೊಂಡು, ಫಾರ್ಮ್‌ನಲ್ಲಿ ಧರ್ಮ ಹೇಳಲೇಬೇಕು ಅಂತ ಸರ್ಕಾರ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ, ನನಗೆ ಯಾವ ಧರ್ಮವೂ ಇಲ್ಲ ಅಂತ ಹೇಳುವುದೂ ಆ ಹಕ್ಕಿನ ಒಳಗೇ ಬರ್ತದೆ ಅಂತ ತೀರ್ಪು ಕೊಟ್ಟಿದೆ. ಆ ಪೀಠದಲ್ಲಿದ್ದ ಜಸ್ಟಿಸ್ ಅಭಯ್ ಓಕಾ 2019ರಲ್ಲಿ ನಮ್ಮ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದ್ರು. ಅದೇ 2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ ಅವರಿಗೆ ತಹಸೀಲ್ದಾರರು ಜಾತಿ ಇಲ್ಲ ಧರ್ಮ ಇಲ್ಲ ಅಂತ ಸರ್ಟಿಫಿಕೇಟೇ ಕೊಟ್ಟದ್ದು ಪೇಪರಲ್ಲಿ ನೋಡಿರ್ತೀರಿ. 2023ರಲ್ಲಿ ತೆಲಂಗಾಣ ಹೈಕೋರ್ಟ್ ಕೂಡ ನಿಮ್ಮ ಹಾಗಿನ ಒಂದು ಜೋಡಿಯ ಕೇಸಲ್ಲಿ, ಮಗುವಿನ ಜನನ ನೋಂದಣಿ ಅರ್ಜಿಯಲ್ಲಿ ಅಂಥ ಕಾಲಂ ಇಡಿ ಅಂತ ಹೇಳಿತು. ಇವೆಲ್ಲ ಹೊರಗಿನ ರಾಜ್ಯದ್ದು, ಇಲ್ಲಿಯ ಶಾಲೆ ಪಾಲಿಸಲೇಬೇಕು ಅಂತ ಇಲ್ಲ, ಆದ್ರೆ ಅರ್ಜಿಯಲ್ಲಿ ಬರೆದ್ರೆ ತೂಕ ಬೇರೆ.

ಆಸ್ತಿ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ. ಹಿಂದೂ ಕ್ರಿಶ್ಚಿಯನ್ ಜೋಡಿ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಮದುವೆಯಾದ್ರೆ ಸೆಕ್ಷನ್ 21ರ ಪ್ರಕಾರ ನಿಮ್ಮಿಬ್ಬರ ಆಸ್ತಿಗೂ ಮಗಳ ಆಸ್ತಿಗೂ 1925ರ ಇಂಡಿಯನ್ ಸಕ್ಸೆಶನ್ ಆಕ್ಟ್. ಶಾಲೆ ಫಾರ್ಮಲ್ಲಿ ಎಂತ ಬರೆದ್ರೂ ಅದು ಬದಲಾಗುದಿಲ್ಲ. ಸೆಕ್ಷನ್ 19ರಲ್ಲಿ ನೀವು ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಅಂತ ಉಂಟು, ಬೇರೆ ಆಗುವುದು ಅಂದ್ರೆ ಪಾಲು ಕಳ್ಕೊಳ್ಳುವುದಲ್ಲ, ಅಮ್ಮನಿಗೆ ಅದನ್ನೂ ಹೇಳಿ.

ಮೀಸಲಾತಿ ಬೇಕಿದ್ರೆ ಮಾತ್ರ ಲೆಕ್ಕ ಬೇರೆ. 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಅಂತರ್ಜಾತಿ ಮದುವೆಯ ಮಗುವಿಗೆ ಸಾಧಾರಣವಾಗಿ ತಂದೆಯ ಜಾತಿ ಅಂತ ಹಿಡೀತೇವೆ, ಆದ್ರೆ ತಾಯಿಯ ಸಮುದಾಯದಲ್ಲೇ ಬೆಳೆದದ್ದು ಅಂತ ತೋರಿಸಿಕೊಟ್ರೆ ಹಾಗೂ ಆಗ್ಬಹುದು ಅಂತ. ಅದು ಎಸ್‌ಟಿ ತಾಯಿಯ ಕೇಸು. ಬಿಲ್ಲವ 2ಎ, ಕ್ರಿಶ್ಚಿಯನ್ 3ಬಿ, ಎರಡಕ್ಕೂ ಕೆನೆಪದರದ ಲೆಕ್ಕ ಉಂಟು. ನೀವಿಬ್ಬರೂ ಒಳ್ಳೆ ಸಂಬಳದಲ್ಲಿದ್ರೆ ಅಮ್ಮನ 2ಎ ಅಲ್ಲಿಗೇ ಮುಗೀತು.

ಪ್ರೇಯರಿಗೆ ಸಂವಿಧಾನದ 28(3). ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಶಾಲೆಯೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕಾಗಲಿ ಪೂಜೆಗಾಗಲಿ ಕೂರಿಸುವ ಹಾಗಿಲ್ಲ. ಮಠದ ಶಾಲೆಯಾಗಲಿ ಕಾನ್ವೆಂಟಾಗಲಿ ಮದ್ರಸದವರು ನಡೆಸುವ ಶಾಲೆಯಾಗಲಿ, ಒಂದೇ ರೂಲು.

ಕಲ್ಯಾಣಪುರದವ:
ಅಕ್ಕ ಬೇಜಾರು ಮಾಡ್ಬೇಡಿ, ನಂಗೆ ಇದು ಅರ್ಥವೇ ಆಗ್ಲಿಲ್ಲ. ನೇಮಕ್ಕೆ ಹೋಗ್ತೀರಿ, ಗಂಧ ಪ್ರಸಾದ ತೆಗೊಳ್ತೀರಿ, ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂತೀರಿ, ಫಾರ್ಮ್ ಬಂದಾಗ ಮಾತ್ರ ಎಂತದ್ದೂ ಇಲ್ಲ. ಹೋಗ್ಲಿ ಗಂಡ ಹೆಂಡತಿ ಹೇಗೂ ಇರಿ. ಮಗುವಿಗೆ ನಾಳೆ ಊರಲ್ಲಿ ಒಂದು ಗುರ್ತ ಬೇಡ್ವಾ. ನಮ್ಮ ಕಡೆ ರಾತ್ರಿ ಎರಡು ಗಂಟೆಗೆ ಯಾರಾದ್ರೂ ತೀರಿ ಹೋದ್ರೆ ಸೌದೆ ಹೊತ್ತು ಬರುವವರು ಭಜನಾ ಮಂಡಳಿಯ ಹುಡುಗ್ರು, ಬೊಜ್ಜದ (ಉತ್ತರಕ್ರಿಯೆಯ) ದಿನ ಎಲೆ ತೆಗೀಲಿಕ್ಕೂ ಅವರೇ, ಅದೇ ಕ್ರಿಶ್ಚಿಯನ್ನರಲ್ಲಾದ್ರೆ ಇಗರ್ಜಿಯ ವಾರ್ಡಿನವರು ಬರ್ತಾರೆ. ನಾಸ್ತಿಕ ಸಂಘದವರು ಬರ್ತಾರಾ? ಸೆಕ್ಯುಲರ್ ಸೆಕ್ಯುಲರ್ ಅಂತ ಬಾಯಿಗೆ ಬಂದ ಹಾಗೆ ಹೇಳ್ತಾರೆ, ಆ ಶಬ್ದವೇ 1976ರಲ್ಲಿ ಎಮರ್ಜೆನ್ಸಿ ಟೈಮಲ್ಲಿ ತುರುಕಿಸಿದ್ದು.

ವಕೀಲೆ_ಉಡುಪಿ:
@ಕಲ್ಯಾಣಪುರದವ ಶಬ್ದ ಬಂದದ್ದು 42ನೇ ತಿದ್ದುಪಡಿಯಲ್ಲಿ, ಒಪ್ಪಿದೆ. ನಾನು ಮೇಲೆ ಹೇಳಿದ 25, 28 ಎರಡೂ 1950ರಿಂದ ಇದ್ದಲ್ಲೇ ಉಂಟು. 1994ರ ಬೊಮ್ಮಾಯಿ ಕೇಸಲ್ಲಿ, ಅದೇ ನಮ್ಮ ಎಸ್.ಆರ್. ಬೊಮ್ಮಾಯಿ, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಅಂತ ಒಂಬತ್ತು ಜನರ ಪೀಠ ಹೇಳಿ ಆಗಿದೆ. ಆ ಶಬ್ದ ತೆಗೀರಿ ಅಂತ ಹೋದ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ 2024ರಲ್ಲಿ ವಜಾ ಮಾಡಿತು.

ಮೂಲ್ಕಿ_ಮಗಳು:
@ಕಲ್ಯಾಣಪುರದವ ಬೇಜಾರು ಎಂತ ಇಲ್ಲ. ಕುಸ್ವಾರ್ ತಿನ್ಲಿಕ್ಕೆ ಧರ್ಮ ಬೇಕಾಗಿದ್ರೆ ಅರ್ಧ ಮಂಗಳೂರಿಗೆ ಇಷ್ಟೊತ್ತಿಗೆ ದೀಕ್ಷಾಸ್ನಾನ ಆಗಿರ್ತಿತ್ತು.

ಸಾವಿನ ಮಾತು ನೀವು ಹೇಳಿದ್ದು ಸರಿ ಉಂಟು, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಂತ ಅಲ್ಲ, ನಮ್ಮ ಅಪ್ಪ ಹೋದಾಗ ಮಂಡಳಿಯವರೂ ಬಂದ್ರು, ಗದ್ದೆ ಆಚೆಯ ಪೊರ್ಬುಗಳೂ (ಕ್ರಿಶ್ಚಿಯನ್ನರು) ಬಂದ್ರು, ನನ್ನ ಗಂಡನೂ ಹೆಗಲು ಕೊಟ್ಟ, ಯಾರೂ ಯಾರ ಟಿಸಿ ನೋಡ್ಲಿಲ್ಲ. ನಾನು ನೇಮಕ್ಕೆ ಹೋಗುದು ನನ್ನ ಮತ್ತು ಕುಟುಂಬದ ವಿಷಯ, ಅದು ಶಾಲೆಯ ಆಫೀಸಿಗೆ ಯಾಕೆ ಗೊತ್ತಾಗ್ಬೇಕು ಅನ್ನುದಷ್ಟೇ ನಾನು ಕೇಳುದು. ದೈವಕ್ಕೆ ನನ್ನ ಫಾರ್ಮ್ ಬೇಡ, ಶಾಲೆಗೆ ನನ್ನ ದೈವ ಬೇಡ.

ಚಾರ್ವಾಕ_ಕುಡ್ಲ:
ಖಂಡಿತ ಖಾಲಿ ಬಿಡಿ. 2011ರ ಜನಗಣತಿಯಲ್ಲಿ 121 ಕೋಟಿ ಜನರಲ್ಲಿ ನಾಸ್ತಿಕ ಅಂತ ಬರೆಸಿದವರು ಹೆಚ್ಚುಕಮ್ಮಿ 33 ಸಾವಿರ ಅಷ್ಟೇ, ಧರ್ಮ ಹೇಳದೇ ಇದ್ದವರು 28 ಲಕ್ಷದ ಮೇಲೆ. ದೇಶದಲ್ಲಿ ದೇವರನ್ನು ನಂಬದವರು 33 ಸಾವಿರವೇ ಅಂತ ನೀವೇ ಹೇಳಿ ನಂಬ್ಲಿಕ್ಕೆ ಆಗ್ತದಾ? ಮನೆಗೆ ಬರುವ ಟೀಚರ್ ಯಜಮಾನನ ಹೆಸರು ಕೇಳ್ತಾರೆ, ಬಾಗಿಲ ಮೇಲಿನ ಫೋಟೋ ನೋಡ್ತಾರೆ, ಕಾಲಂ ಭರ್ತಿ. 2027ರ ಗಣತಿಗಾದ್ರೂ ನಮ್ಮವರು ಎದುರು ಕೂತು ಬಾಯಿ ಬಿಟ್ಟು ಹೇಳಿ ಬರೆಸ್ಬೇಕು. ನಾಸ್ತಿಕತೆ ಅಂದ್ರೆ ಹೊರಗಿನಿಂದ ಬಂದದ್ದು ಅಂತ ಹೇಳುವವರಿಗೆ ಹೇಳಿ, ದೇವರನ್ನು ಒಪ್ಪದ ಲೋಕಾಯತ ದರ್ಶನ ಇದೇ ಮಣ್ಣಿನದ್ದು, ನಮ್ಮ ಮಂಗಳೂರಲ್ಲೇ ವಿಚಾರವಾದಿ ನರೇಂದ್ರ ನಾಯಕರು ಎಷ್ಟೋ ವರ್ಷದಿಂದ ಊರೂರು ತಿರುಗಿ ಪವಾಡ ಬಯಲು ಮಾಡಿ ತೋರಿಸ್ತಾ ಇದ್ದಾರೆ, ಶಾಲೆ ಮಕ್ಕಳ ಎದುರೂ.

ನೀವು ಬಿಲ್ಲವರ ಮನೆಯವರು ಅಂದ್ರಿ, ಇದು ನಿಮ್ಮ ಅಮ್ಮನಿಗೆ. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಒಂದೇ ಜಾತಿ ಒಂದೇ ಮತ ಒಂದೇ ದೇವರು ಅಂದ್ರು. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ ಅದನ್ನೇ ತಿರುಗಿಸಿ ಜಾತಿ ಬೇಡ, ಮತ ಬೇಡ, ದೇವರು ಬೇಡ ಅಂದ್ರು. 1917ರಲ್ಲಿ ಕೇರಳದ ಚೆರಾಯಿಯಲ್ಲಿ, ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಪುಲಯರ ಜೊತೆ ಕೂತು ಸಹಭೋಜನ ಮಾಡಿಸಿದವರು ಅವರೇ, ಜಾತಿಯವರೆಲ್ಲ ಬೈದ್ರೂ ಗುರುಗಳು ಅವರ ಕೈ ಬಿಡ್ಲಿಲ್ಲ. ಅಂಥ ಪರಂಪರೆಯಲ್ಲಿ ನೀವು ಹಿಂಜರಿಯುದು ಯಾಕೆ, ನೇಮಕ್ಕೆ ಹೋಗುದನ್ನೂ ಬಿಡಿ, ಧೈರ್ಯವಾಗಿ ನಾಸ್ತಿಕ ಅಂತಲೇ ಬರೀರಿ.

ಗೋಳಿಬಜೆ:
@ಚಾರ್ವಾಕ_ಕುಡ್ಲ ಅಜ್ಜಿ ಬಿಲ್ಲವ ಬರಿ ಅಂತಾರೆ, ಅಜ್ಜ ಕ್ರಿಶ್ಚಿಯನ್ ಬರಿ ಅಂತಾರೆ, ನೀವು ನಾಸ್ತಿಕ ಬರಿ ಅಂತೀರಿ. ಮಗುವಿನ ಹತ್ರ ಯಾರೂ ಕೇಳ್ಲಿಲ್ಲ.

ದಕ್ಕೆ_ಹುಡುಗ:
ನಾನು ಬ್ಯಾರಿ ಮುಸ್ಲಿಂ, ಬಂದರು ಕಡೆ. ನಂಬಿಕೆ ಹೋಗಿ ತುಂಬಾ ಕಾಲ ಆಯ್ತು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಹೇಳುವ ಐಡಿಯಾವೂ ಇಲ್ಲ, ಉಮ್ಮನಿಗೆ ಬಿಪಿ ಉಂಟು.

ಅಕ್ಕ ನೀವು ಖಾಲಿ ಬಿಡಿ, ನಂಗೆ ಖುಷಿಯೇ. ಆದ್ರೆ ಒಂದು ವಿಷಯ, ಖಾಲಿ ಬಿಟ್ಟದ್ದು ಖಾಲಿಯಾಗಿ ಉಳಿಯುದು ಹೆಸರು ಕೇಳಿ ಗೊತ್ತಾಗದವರಿಗೆ ಮಾತ್ರ. ನಾನು ಗೆರೆ ಎಳೆದು ಕೊಟ್ರೂ ಓದುವವರು ತುಂಬಿಸಿಕೊಂಡೇ ಓದ್ತಾರೆ. ಬಾಡಿಗೆಗೆ ರೂಮ್ ಹುಡುಕುವಾಗ ಫೋನಲ್ಲಿ ಎಲ್ಲ ಓಕೆ, ಹೆಸರು ಹೇಳಿದ ಮೇಲೆ "ನಿನ್ನೆಯೇ ಬೇರೆಯವರಿಗೆ ಕೊಟ್ಟಾಯ್ತು". ನಾನು ದೇವರನ್ನು ನಂಬುದಿಲ್ಲ ಸಾರ್ ಅಂತ ಓನರಿಗೆ ಹೇಳ್ಲಿಕ್ಕೆ ಆಗ್ತದಾ? 2022ರಲ್ಲಿ ಉಡುಪಿಯ ಹಿಜಾಬ್ ಗಲಾಟೆ ಆಗುವಾಗ ಆಫೀಸಲ್ಲಿ ನಾನು ಕೂತು ಧರ್ಮದ ಪರ ವಾದ ಮಾಡ್ತಿದ್ದೆ, ನಮಾಜ್ ಮಾಡದ ನಾನು! ಯಾಕೆ ಅಂದ್ರೆ ಎದುರಿದ್ದವರು ನನ್ನನ್ನು ಆ ಕಾಲಂ ಒಳಗೇ ನಿಲ್ಸಿ ಮಾತಾಡ್ತಿದ್ರು. ಕಡೆಗೆ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜ್‌ಗಳೇ ಇಬ್ಬಗೆ ತೀರ್ಪು ಕೊಟ್ರು, ಇನ್ನು ನಮ್ಮ ಕ್ಯಾಂಟೀನಲ್ಲಿ ತೀರ್ಮಾನ ಆಗ್ತದಾ. ಚಾರ್ವಾಕ ಸಾರ್ ಹೇಳುವ ಧೈರ್ಯ ಎಲ್ಲರಿಗೂ ಒಂದೇ ರೇಟಲ್ಲಿ ಸಿಗುದಿಲ್ಲ.

ಕಲ್ಯಾಣಪುರದವ:
@ದಕ್ಕೆ_ಹುಡುಗ ರೂಮಿನ ವಿಷಯ ನೀವು ಹೇಳಿದ್ದು ನಿಜ ಭಾಯ್, ನಮ್ಮ ಬಿಲ್ಡಿಂಗಲ್ಲೂ ಹಾಗೇ ಮಾಡ್ತಾರೆ. ಹಿಜಾಬ್ ವಿಷಯದಲ್ಲಿ ನಿಮ್ಮ ಹತ್ರ ಜಗಳ ಉಂಟು, ಇಲ್ಲಿ ಬೇಡ.

ಹಳೇ_ಗುಮಾಸ್ತ:
ನಾನು ಎಯ್ಡೆಡ್ ಶಾಲೆ ಆಫೀಸಲ್ಲಿದ್ದು ರಿಟೈರ್ ಆದವ. ಸಿದ್ಧಾಂತ ನಂಗೆ ಗೊತ್ತಿಲ್ಲ, ರಿಜಿಸ್ಟರ್ ಗೊತ್ತುಂಟು.

ಆ ಕಾಲಂ ಇರುದು ಮಗು ಯಾರಿಗೆ ಕೈ ಮುಗೀತದೆ ಅಂತ ತಿಳೀಲಿಕ್ಕೆ ಅಲ್ಲ, ಸ್ಕಾಲರ್‌ಶಿಪ್ಪಿನ ಪಟ್ಟಿ, ಮೈನಾರಿಟಿ ಪಟ್ಟಿ ಮೇಲಿನಿಂದ ಕೇಳಿದಾಗ ಎಣಿಸಿ ಕಳಿಸ್ಲಿಕ್ಕೆ. ಎಣಿಕೆಗೆ ಬಾರದ ಮಗು ಅಂದ್ರೆ ಗುಮಾಸ್ತನಿಗೆ ತಲೆಬಿಸಿ, ಅದಕ್ಕೆ ಮೇಡಂ ಎಂತಾದ್ರೂ ಬರೀರಿ ಅಂದದ್ದು. ಆದ್ರೆ ದಯವಿಟ್ಟು ಎಂತಾದ್ರೂ ಬರೀಬೇಡಿ. ಖಾಲಿ ಇದ್ದದ್ದನ್ನು ನಾಳೆ ತುಂಬಿಸ್ಬಹುದು. ಒಮ್ಮೆ ಬರೆದದ್ದು ಟಿಸಿಗೆ ಹೋಗ್ತದೆ, ಅಲ್ಲಿಂದ ಮುಂದಿನ ಶಾಲೆಗೆ, ನಾಡಕಚೇರಿಯಲ್ಲಿ ಜಾತಿ ಸರ್ಟಿಫಿಕೇಟ್ ಕೇಳಿದಾಗ ಮೊದಲು ನೋಡುದೇ ಅದನ್ನು. ನಮ್ಮ ಕರಾವಳಿಯಲ್ಲಿ ಮೊಗವೀರ ಅಂದ್ರೆ ಕ್ಯಾಟಗರಿ 1, ಮೊಗೇರ ಅಂದ್ರೆ ಎಸ್‌ಸಿ, ಬರೆಯುವಾಗ ಒಂದು ಅಕ್ಷರ ನುಂಗಿದ್ರೆ ಮಗು ಬೇರೆಯೇ ಪಟ್ಟಿಗೆ ಹೋಯ್ತು. ಒಬ್ಬ ಮೇಷ್ಟ್ರು ಅವಸರದಲ್ಲಿ ಹಾಗೆ ಬರೆದು ಆ ಮನೆಯವರು ತಾಲೂಕು ಆಫೀಸು, ಎಸಿ ಆಫೀಸು ಅಂತ ಚಪ್ಪಲಿ ಸವೆಸಿದ್ದನ್ನು ನಾನೇ ಕಂಡಿದ್ದೇನೆ. ಅವರು ಕೇಳಿದ್ದೂ ಅಲ್ಲ, ಹೇಳಿದ್ದೂ ಅಲ್ಲ.

ನೀವು ಮಾಡ್ಬೇಕಾದ್ದು ಇಷ್ಟೇ. ಬಾಯಿ ಮಾತು ಬಿಟ್ಟು ಹೆಡ್‌ಮಿಸ್ಟ್ರೆಸ್ ಹೆಸರಿಗೆ ಒಂದು ಅರ್ಜಿ ಕೊಡಿ, ಧರ್ಮ ಜಾತಿ ತಿಳಿಸಲು ಇಚ್ಛಿಸುವುದಿಲ್ಲ, ಇದರ ಆಧಾರದ ಮೇಲೆ ಸದ್ಯಕ್ಕೆ ಯಾವ ಸೌಲಭ್ಯವನ್ನೂ ಕೇಳುವುದಿಲ್ಲ ಅಂತ. ಸದ್ಯಕ್ಕೆ ಅನ್ನುದನ್ನು ಬಿಡ್ಬೇಡಿ. ಇಬ್ಬರೂ ಸೈನ್ ಹಾಕಿ. ಇನ್‌ವರ್ಡ್ ಸೀಲು ಹಾಕಿಸಿ ಒಂದು ಕಾಪಿ ಮನೆಯಲ್ಲಿಡಿ. ಸೀಲು ಬಿದ್ದ ಕಾಗದವನ್ನು ಕ್ಯೂ ಎಷ್ಟು ಉದ್ದ ಇದ್ರೂ ಯಾರೂ ವಾಪಸ್ ಕೊಡುದಿಲ್ಲ.

ಪ್ರೇಯರಿಗೆ ಮಾತ್ರ ಕೇಸು ಗೀಸು ಅಂತ ಹೋಗ್ಬೇಡಿ, ಸುಮ್ಮನೆ ಎದ್ದು ನಿಲ್ಲಲಿ. ನಮ್ಮಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಕ್ಯಾಟೆಕಿಸಂ (ಅವರ ಧರ್ಮದ ಪಾಠ), ಉಳಿದವರಿಗೆ ಅದೇ ಹೊತ್ತಿಗೆ ಮೋರಲ್ ಸೈನ್ಸ್. ನಿಮ್ಮ ಗಂಡನ ಸರ್‌ನೇಮ್ ನೋಡಿ ಮಗುವನ್ನು ತನ್ನಷ್ಟಕ್ಕೇ ಕ್ಯಾಟೆಕಿಸಂ ಕ್ಲಾಸಲ್ಲಿ ಕೂರಿಸ್ತಾರೆ, ಅದನ್ನೂ ಅರ್ಜಿಯಲ್ಲಿ ಬರೀರಿ.

ವಕೀಲೆ_ಉಡುಪಿ:
ಗುಮಾಸ್ತರು ಹೇಳಿದ್ದು ಲಕ್ಷದ ಮಾತು, ನಾನು ಬರೆದ ಸೆಕ್ಷನ್‌ಗಿಂತ ಆ ಸೀಲು ಹೆಚ್ಚು ಕೆಲಸ ಮಾಡ್ತದೆ. ಎದ್ದು ನಿಲ್ಲುವುದಕ್ಕೂ ತೀರ್ಪು ಉಂಟು. ಕೇರಳದಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ನಿಲ್ತಿದ್ರು, ತಮ್ಮ ನಂಬಿಕೆಗೆ ಒಪ್ಪುದಿಲ್ಲ ಅಂತ ಹಾಡ್ತಿರ್ಲಿಲ್ಲ, ಶಾಲೆಯವರು ಹೊರಗೆ ಹಾಕಿದ್ರು, 1986ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಅಂದಿತು. ನಂಬುವ ಮಕ್ಕಳು ಗೆದ್ದ ಕೇಸು ಇವತ್ತು ನಂಬದವರ ಕೈಗೂ ಬರ್ತದೆ.

ಚಾರ್ವಾಕ_ಕುಡ್ಲ:
@ದಕ್ಕೆ_ಹುಡುಗ ರೇಟಿನ ಮಾತು ಒಪ್ಪಿದೆ. ಆದ್ರೆ ರೇಟು ಕಮ್ಮಿ ಇರುವವರು ಮೊದಲು ಬಾಯಿ ಬಿಡ್ಬೇಕು, ನಾನು ಹೇಳುದು ಅದನ್ನೇ.

ಮೂಲ್ಕಿ_ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅರ್ಜಿ ಕೊಟ್ಟು ಬಂದ್ವಿ, ಗುಮಾಸ್ತರು ಹೇಳಿದ ಹಾಗೆ ಸದ್ಯಕ್ಕೆ ಅಂತ ಸೇರಿಸಿ, ಬಾಂಬೆ ಹೈಕೋರ್ಟ್ ವಿಷಯ ಒಂದು ಸಾಲು ಹಾಕಿ. ಹೆಡ್‌ಮಿಸ್ಟ್ರೆಸ್ ಎರಡು ಸಲ ಓದಿದ್ರು, ಬಿಇಒ ಆಫೀಸಲ್ಲಿ ಕೇಳಿ ಹೇಳ್ತೇನೆ ಅಂದ್ರು, ಸೀಲು ಹಾಕಿ ಕಾಪಿ ಕೊಟ್ರು. ಕ್ಲಾಸಿನ ಪ್ರಶ್ನೆ ಬಂದಾಗ ಮೋರಲ್ ಸೈನ್ಸ್ ಅಂತ ಬರೆದಿದ್ದೇವೆ, ಗಂಡನಿಗೆ ಅದೂ ಇಷ್ಟ ಇಲ್ಲ, ಆ ಜಗಳ ಮನೆಯಲ್ಲಿ ನಡೀತಾ ಉಂಟು. ಅಮ್ಮನಿಗೆ ಕೆನೆಪದರದ ಲೆಕ್ಕ ಹೇಳಿದೆ, 2ಎ ಮಾತು ನಿಲ್ಸಿದ್ರು, ಈಗ ಮುಂದಿನ ನೇಮಕ್ಕೆ ಮಗುವನ್ನು ಕರ್ಕೊಂಡು ಬಾ ಅಂತ ಶುರು ಮಾಡಿದ್ದಾರೆ. ಬಿಇಒ ಆಫೀಸಿಂದ ಉತ್ತರ ಬಂದ್ರೆ ಇಲ್ಲೇ ಹಾಕ್ತೇನೆ.

ವಕೀಲೆ_ಉಡುಪಿ:
ಫೋನಲ್ಲಿ ಹೇಳಿದ್ರೆ ಒಪ್ಬೇಡಿ, ಉತ್ತರ ಲಿಖಿತದಲ್ಲೇ ಕೇಳಿ.