ಸಹಾಯ ಬೇಕು: 54ಕ್ಕೇ ಅಲ್ಝೈಮರ್ಸ್ ಅಂತಿದ್ದಾರೆ, ಯಾರಿಗಾದರೂ ಅನುಭವ ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮ ಭಾವನಿಗೆ ಈಗ 54. ಇಪ್ಪತ್ತು ವರ್ಷದಿಂದ ಬಸವನಗುಡಿಯಲ್ಲೇ ಇರುವವರು. ಹೋದ ತಿಂಗಳು ಗಾಂಧಿ ಬಜಾರಿಗೆ ಹೂವು ತರಲು ಹೋಗಿ, ಮನೆ ದಾರಿ ಗೊತ್ತಾಗದೆ ನಿಂತುಬಿಟ್ಟಿದ್ದರು. ಕೇಳಿದ್ದನ್ನೇ ಕೇಳುವುದಂತೂ ಒಂದು ವರ್ಷದಿಂದ ಇತ್ತು. ಮೊದಲು ತೋರಿಸಿದ ಡಾಕ್ಟರು ಟೆನ್ಷನ್ ಅಂದರು, ನಾವೂ ಸುಮ್ನಾದೆವು. ಬಿ12, ಥೈರಾಯ್ಡ್ ಸರಿ ಇದೆ. ಈಗ ಎಂಆರ್‌ಐ ನೋಡಿದವರು ಅಲ್ಝೈಮರ್ಸ್ ಇರಬಹುದು ಅನ್ನುತ್ತಿದ್ದಾರೆ.

ಇದು ವಯಸ್ಸಾದವರ ಕಾಯಿಲೆ ಅಂದುಕೊಂಡಿದ್ದೆ. 65ಕ್ಕೆ ಮೊದಲೇ ಬರುವುದೂ ಉಂಟಂತೆ, ಅಲ್ಝೈಮರ್ಸ್ ಇರುವ 100 ಜನರಲ್ಲಿ ಸುಮಾರು ಐದಾರು ಮಂದಿಗೆ. 1906ರಲ್ಲಿ ಜರ್ಮನಿಯ ಡಾ. ಅಲ್ಝೈಮರ್ ವಿವರಿಸಿದ ಮೊದಲ ರೋಗಿಯೂ ಆಸ್ಪತ್ರೆಗೆ ಸೇರಿದಾಗ 51ರ ಹೆಂಗಸು!

ಅಕ್ಕನಿಗೆ ಮಕ್ಕಳದ್ದೇ ಚಿಂತೆ. ಕೆಲವೇ ಮನೆತನಗಳಲ್ಲಿ ಇದು ಜೀನ್‌ನಿಂದ ಬರುತ್ತದೆ, ಆಗ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಭಾವನ ಕಡೆ ಯಾರಿಗೂ ಇರಲಿಲ್ಲ. ಆದರೂ ಜೀನ್ ಟೆಸ್ಟ್ ಮಾಡಿಸಬೇಕಾ?

ನಿಮ್ಹಾನ್ಸ್‌ನಲ್ಲಿ ಮರೆವಿಗೆ ತೋರಿಸಿದವರಿದ್ದರೆ ಹೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಬೇಕು? ಹಳೇ ರಿಪೋರ್ಟ್ ಸಾಕಾ? ಇನ್ನೂ ಆರು ವರ್ಷ ಸರ್ವೀಸ್ ಇದೆ, ಆಫೀಸಿನಲ್ಲಿ ಹೇಗೆ ಹೇಳಿದಿರಿ?

ಒಂದೆಲಗದ ಚಟ್ನಿ ಸಲಹೆ ಬೇಡ ಪ್ಲೀಸ್. ಅಮ್ಮ ಆಗಲೇ ದಿನಾ ಮಾಡುತ್ತಿದ್ದಾರೆ.